ಸೇನೆಯಿಂದ ಪಿಜಿಗೆ ಬರುವ ಡಾಕ್ಟರಿಗೆ ಮೂರು ವರ್ಷದ ದುಡ್ಡಿನ ಲೆಕ್ಕ

ಆರ್ಮಿ ಮೆಡಿಕಲ್ ಕೋರ್‌ನಲ್ಲಿ ಐದು ವರ್ಷದ ಶಾರ್ಟ್ ಸರ್ವಿಸ್ (ನಿಗದಿತ ಅವಧಿಯ ಅಧಿಕಾರಿ ಸೇವೆ) ಮುಗಿಸಿ ಪಿಜಿ, ಅಂದರೆ ಎಂಡಿ, ಎಂಎಸ್ ಎಂಬ ಸ್ನಾತಕೋತ್ತರ ಕೋರ್ಸು ಮಾಡಲು ಬೆಂಗಳೂರಿಗೆ ಬರುವವರು ಮೊದಲು ಕೇಳುವುದು "ಫೀಸು ಎಷ್ಟಾಗುತ್ತೆ?" ಅಂತ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡಿವೆ. ನಿಮ್ಮ ಹೆಸರು ಸೇನೆಯ ಪಟ್ಟಿಯಿಂದ ಇಳಿಯುವ ದಿನ ಯಾವುದು? ಆ ದಿನದಿಂದ ಪಿಜಿ ಮುಗಿಯುವ ತನಕ ಪ್ರತಿ ತಿಂಗಳು ಮನೆಗೆ ಬೀಳುವ ಕೊರತೆ ಎಷ್ಟು? ಈ ಎರಡಕ್ಕೆ ಉತ್ತರ ಕೈಯಲ್ಲಿದ್ದರೆ ಫೀಸಿಗೆ ದಾರಿ ಇದ್ದೇ ಇದೆ. ಬಹಳ ಮಂದಿ ತಲೆಕೆಳಗು ಮಾಡುತ್ತಾರೆ. ಸೇನೆ ಕೊಟ್ಟ ಗ್ರಾಚುಯಿಟಿ ದುಡ್ಡನ್ನೆಲ್ಲ ಮೊದಲ ವರ್ಷದ ಫೀಸಿಗೆ ಸುರಿದು, ಎರಡನೇ ವರ್ಷದಲ್ಲಿ ಮನೆ ಬಾಡಿಗೆಗೆ ಪರದಾಡುತ್ತಾರೆ.

ಸಂಬಳದಿಂದಲೇ ಶುರು ಮಾಡೋಣ. ಏಳನೇ ವೇತನ ಆಯೋಗದ ಪ್ರಕಾರ ಕ್ಯಾಪ್ಟನ್ ಹುದ್ದೆಯ ಆರಂಭಿಕ ಮೂಲವೇತನ 61,300 ರೂಪಾಯಿ. ಡಾಕ್ಟರುಗಳಿಗೆ ಅದರ ಶೇಕಡಾ 20ರಷ್ಟು ನಾನ್ ಪ್ರಾಕ್ಟೀಸಿಂಗ್ ಅಲೋವೆನ್ಸ್ (ಖಾಸಗಿ ಪ್ರಾಕ್ಟೀಸ್ ಮಾಡದಿರುವುದಕ್ಕೆ ಕೊಡುವ ಭತ್ಯೆ), ಅಂದರೆ 12,260. ಮಿಲಿಟರಿ ಸರ್ವಿಸ್ ಪೇ 15,500. ಮೂರೂ ಸೇರಿ 89,060. 2024ರ ಜನವರಿಯಲ್ಲಿ ತುಟ್ಟಿಭತ್ಯೆ ಶೇಕಡಾ 50 ಮುಟ್ಟಿತು. ಅದನ್ನು ಹಿಡಿದರೆ 1,33,590. ಇಂಕ್ರಿಮೆಂಟು, ಸಾರಿಗೆ ಭತ್ಯೆ, ಫೀಲ್ಡ್ ಭತ್ಯೆ ಇದರ ಮೇಲೆ. ಜೊತೆಗೆ ಕ್ವಾರ್ಟರ್ಸ್, ಮಿಲಿಟರಿ ಆಸ್ಪತ್ರೆ, ಕ್ಯಾಂಟೀನು. ಇವುಗಳ ಬೆಲೆ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ, ಬಿಟ್ಟ ಮೇಲೆ ಕಾಣುತ್ತದೆ.

ಇತ್ತ ಕರ್ನಾಟಕದ ಸರ್ಕಾರಿ ಕಾಲೇಜುಗಳ ಪಿಜಿ ಸ್ಟೈಪೆಂಡು. 2020ರಲ್ಲಿ ಅದನ್ನು ಮೊದಲ ವರ್ಷಕ್ಕೆ 45,000, ಎರಡನೇ ವರ್ಷಕ್ಕೆ 50,000, ಮೂರನೇ ವರ್ಷಕ್ಕೆ 55,000 ಎಂದು ನಿಗದಿ ಮಾಡಿದರು. 2024ರಲ್ಲಿ ರೆಸಿಡೆಂಟ್ ಡಾಕ್ಟರುಗಳ (ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಪಿಜಿ ಓದುವವರ) ಹೋರಾಟದ ನಂತರ ಶೇಕಡಾ 25 ಏರಿಸಿದರು. ಆಗ ಲೆಕ್ಕ 56,250, 62,500, 68,750 ಆಗುತ್ತದೆ.

ಈಗ ನಿಮ್ಮ ತಿಂಗಳ ಖರ್ಚನ್ನು ಬರೆಯಿರಿ. ಹಳೆಯ ಸಂಬಳಕ್ಕೂ ಸ್ಟೈಪೆಂಡಿಗೂ ಇರುವ ಅಂತರ ನೋಡಿ ಹೆದರಬೇಕಿಲ್ಲ. ಖರ್ಚಿಗೂ ಸ್ಟೈಪೆಂಡಿಗೂ ಇರುವ ಅಂತರ ಮಾತ್ರ ಲೆಕ್ಕಕ್ಕೆ. ಗಂಡ ಹೆಂಡತಿ, ಒಂದು ಮಗು, ಬಾಡಿಗೆ ಮನೆ, ತಿಂಗಳಿಗೆ 75,000 ಖರ್ಚು ಅಂತಿಟ್ಟುಕೊಳ್ಳಿ. ಹಳೆಯ ಸ್ಟೈಪೆಂಡು ದರದಲ್ಲಿ ಮೊದಲ ವರ್ಷ ತಿಂಗಳಿಗೆ 30,000, ಆಮೇಲೆ 25,000, ಕೊನೆಗೆ 20,000 ಕೊರತೆ. ಮೂರು ವರ್ಷಕ್ಕೆ 9 ಲಕ್ಷ. ಹೊಸ ದರದಲ್ಲಿ ಅದೇ ಕೊರತೆ 4.5 ಲಕ್ಷಕ್ಕೆ ಇಳಿಯುತ್ತದೆ, ಸರಿಯಾಗಿ ಅರ್ಧ. ಕಾಲೇಜು ನಿಜವಾಗಿ ಯಾವ ದರದಲ್ಲಿ ಸ್ಟೈಪೆಂಡು ಕೊಡುತ್ತದೆ ಎಂಬುದು ಎಷ್ಟು ದೊಡ್ಡ ವಿಷಯ ಅಂತ ಇದರಿಂದಲೇ ತಿಳಿಯುತ್ತದೆ. ಸೀಟು ಆರಿಸುವಾಗ ಫೀಸಿನ ಕಾಲಂ ನೋಡಿದಷ್ಟೇ ಶ್ರದ್ಧೆಯಿಂದ ಸ್ಟೈಪೆಂಡಿನ ಕಾಲಂ ನೋಡಬೇಕು.

ಸ್ಟೈಪೆಂಡು ಕೊಡುವವರು ಯಾರು ಅನ್ನುವುದರ ಮೇಲೆ ಬೆಂಗಳೂರಿನಲ್ಲೇ ಲೆಕ್ಕ ಪೂರ್ತಿ ಬದಲಾಗುತ್ತದೆ. ನಿಮ್ಹಾನ್ಸ್ ಕೇಂದ್ರದ ಸಂಸ್ಥೆ. ಅಲ್ಲಿ ಜೂನಿಯರ್ ರೆಸಿಡೆಂಟಿಗೆ ಕೇಂದ್ರದ ರೆಸಿಡೆನ್ಸಿ ಪದ್ಧತಿಯಂತೆ 56,100 ಮೂಲವೇತನ, ಮೇಲೆ ನಾನ್ ಪ್ರಾಕ್ಟೀಸಿಂಗ್ ಅಲೋವೆನ್ಸು, ತುಟ್ಟಿಭತ್ಯೆ. ಶೇಕಡಾ 50 ತುಟ್ಟಿಭತ್ಯೆಯಲ್ಲೇ ಅದು ಲಕ್ಷ ಮುಟ್ಟುತ್ತದೆ. ಸೈಕಿಯಾಟ್ರಿ ಮಾಡುವ ಮನಸ್ಸಿದ್ದವರಿಗೆ ದುಡ್ಡಿನ ಕಷ್ಟವೇ ಅರ್ಧ ತೀರಿದ ಹಾಗೆ. ಆದರೆ ನಿಮ್ಹಾನ್ಸ್ ಪ್ರವೇಶ ದೇಶದ ಸಾಮಾನ್ಯ ಪಿಜಿ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯಿಂದಲ್ಲ, ರಾಷ್ಟ್ರೀಯ ಮಹತ್ವದ ಸಂಸ್ಥೆಗಳ ಪ್ರತ್ಯೇಕ ಪರೀಕ್ಷೆಯಾದ ಐಎನ್‌ಐ ಸಿಇಟಿಯಿಂದ. ಆ ಪರೀಕ್ಷೆ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಸೆಷನ್ನಿಗೆ ನಡೆಯುತ್ತದೆ. ವರ್ಷದ ನಡುವೆ ಬಿಡುಗಡೆಯಾಗುವ ಅಧಿಕಾರಿಗೆ ಈ ಎರಡು ಬಾಗಿಲು ಇರುವುದೇ ದೊಡ್ಡ ಅನುಕೂಲ. ಬರೀ ನೀಟ್ ಪಿಜಿ ನಂಬಿ ಕೂರುವುದು ತಪ್ಪು.

ಖಾಸಗಿ ಕಾಲೇಜುಗಳ ವಿಷಯದಲ್ಲಿ ಎಚ್ಚರ ಬೇಕು. 2023ರ ಪಿಜಿ ನಿಯಮಾವಳಿಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸ್ಟೈಪೆಂಡು ಸರ್ಕಾರಿ ಕಾಲೇಜಿಗೆ ಸಮನಾಗಿರಬೇಕು ಎಂದು ಬರೆದಿದೆ. ಕಾಗದದಲ್ಲಿ ಇರುವುದು ಖಾತೆಗೆ ಬಂತೆಂದು ಎಣಿಸಬೇಡಿ. ಎಲ್ಲೆಡೆ ಅದು ನಡೆಯುತ್ತಿಲ್ಲ. ಕೆಲವು ಕಡೆ ಖಾತೆಗೆ ಹಾಕಿ ಬೇರೆ ಹೆಸರಿನಲ್ಲಿ ವಾಪಸ್ ಪಡೆಯುತ್ತಾರೆ ಎಂಬ ದೂರುಗಳೂ ಇವೆ. ಹಾಗಾಗಿ ಕೌನ್ಸೆಲಿಂಗಿನಲ್ಲಿ (ಸೀಟು ಹಂಚಿಕೆಯಲ್ಲಿ) ಬೇಕಾದ ಕಾಲೇಜುಗಳ ಚಾಯ್ಸ್ ತುಂಬುವ ಮೊದಲು ಅದೇ ಡಿಪಾರ್ಟ್‌ಮೆಂಟಿನ ಎರಡನೇ ವರ್ಷದ ರೆಸಿಡೆಂಟನ್ನು ಹುಡುಕಿ ಮೂರೇ ಪ್ರಶ್ನೆ ಕೇಳಿ. ಕಳೆದ ಆರು ತಿಂಗಳಲ್ಲಿ ಖಾತೆಗೆ ಬಂದದ್ದು ಎಷ್ಟು? ಯಾವ ತಾರೀಖಿಗೆ ಬರುತ್ತೆ? ಅದರಲ್ಲಿ ಏನಾದರೂ ಹಿಂದಕ್ಕೆ ಹೋಗುತ್ತಾ? ಮೊದಲ ವರ್ಷದವರನ್ನು ಕೇಳಿದರೆ ಉತ್ತರ ಸಿಗುವುದಿಲ್ಲ, ಅವರಿಗೇ ಇನ್ನೂ ಗೊತ್ತಿರುವುದಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ಸ್ಟೈಪೆಂಡು ಎರಡು ಮೂರು ತಿಂಗಳು ತಡವಾಗಿ, ಒಟ್ಟಿಗೇ ಬರುವುದು ಸರ್ಕಾರಿ ಕಾಲೇಜಿನಲ್ಲೂ ಮಾಮೂಲು. ಅಷ್ಟು ತಿಂಗಳ ಖರ್ಚು ಕೈಯಲ್ಲಿರಲೇಬೇಕು.

"ರಾತ್ರಿ ಯಾವುದಾದರೂ ನರ್ಸಿಂಗ್ ಹೋಮಲ್ಲಿ ಡ್ಯೂಟಿ ಮಾಡಿದರೆ ಆಯ್ತು" ಅನ್ನುವವರಿದ್ದಾರೆ. ಪಿಜಿ ಅಂದರೆ ಪೂರ್ಣಾವಧಿ ರೆಸಿಡೆನ್ಸಿ, ಹೊರಗೆ ಪ್ರಾಕ್ಟೀಸ್ ಮಾಡುವಂತಿಲ್ಲ. ನಿಯಮದ ಮಾತು ಬಿಡಿ, ಸರ್ಜರಿ ಅಥವಾ ಓಬಿಜಿಯ (ಹೆರಿಗೆ, ಸ್ತ್ರೀರೋಗ ವಿಭಾಗ) ಮೊದಲ ವರ್ಷದ ರೆಸಿಡೆಂಟಿಗೆ ನಿದ್ದೆಗೇ ಹೊತ್ತು ಸಿಗುವುದಿಲ್ಲ. ಈ ಆದಾಯವನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಬಿಡುಗಡೆಯ ದಿನ

ಶಾರ್ಟ್ ಸರ್ವಿಸ್ ಮೊದಲು ಐದು ವರ್ಷ, ಬೇಕಾದರೆ ಮತ್ತೆ ಐದು, ಅದರ ಮೇಲೆ ನಾಲ್ಕು, ಒಟ್ಟು ಹದಿನಾಲ್ಕು ವರ್ಷ. ನಿಮ್ಮ ಐದನೇ ವರ್ಷ ಮುಗಿಯುವ ದಿನ ನೀವು ಕಮಿಷನ್ ಪಡೆದ ದಿನವೇ ತೀರ್ಮಾನವಾಗಿರುತ್ತದೆ. ಪಿಜಿ ಕೌನ್ಸೆಲಿಂಗ್ ಮಾತ್ರ ಯಾರ ಹಿಡಿತಕ್ಕೂ ಸಿಗದೆ ಓಡಾಡುತ್ತದೆ. 2021ರಲ್ಲಿ ನೀಟ್ ಪಿಜಿ ಸೆಪ್ಟೆಂಬರ್ 11ಕ್ಕೆ ನಡೆಯಿತು, ಕೌನ್ಸೆಲಿಂಗ್ ಶುರುವಾಗಿದ್ದು 2022ರ ಜನವರಿಯಲ್ಲಿ. 2022ರಲ್ಲಿ ಪರೀಕ್ಷೆ ಮೇ 21ಕ್ಕೆ. 2023ರಲ್ಲಿ ಮಾರ್ಚ್ 5ಕ್ಕೇ ಪರೀಕ್ಷೆ ಆಯಿತು, ಕೌನ್ಸೆಲಿಂಗ್ ಜುಲೈ ಕೊನೆಗೆ. 2024ರಲ್ಲಿ ಪರೀಕ್ಷೆ ಆಗಸ್ಟ್ 11ಕ್ಕೆ, ಕೌನ್ಸೆಲಿಂಗ್ ನವೆಂಬರಿಗೆ. 2025ರಲ್ಲಿ ಪರೀಕ್ಷೆ ಆಗಸ್ಟ್ 3ಕ್ಕೆ. ಪರೀಕ್ಷೆಯಿಂದ ಸೀಟಿಗೆ ಮೂರರಿಂದ ಐದು ತಿಂಗಳು ಹಿಡಿಯಬಹುದು ಎಂದೇ ಇಟ್ಟುಕೊಳ್ಳಿ.

ತೊಡಕು ಎರಡೂ ಕಡೆಯಿಂದ ಬರುತ್ತದೆ. ಬಿಡುಗಡೆ ಜೂನಿನಲ್ಲಿ, ಸೀಟು ಡಿಸೆಂಬರಿನಲ್ಲಿ ಅಂದರೆ ಆರು ತಿಂಗಳು ಸಂಬಳವೂ ಇಲ್ಲ, ಸ್ಟೈಪೆಂಡೂ ಇಲ್ಲ. ಇದು ದುಡ್ಡಿನ ನಷ್ಟ, ಸಹಿಸಬಹುದು. ಆ ಅವಧಿಯಲ್ಲಿ ಡ್ಯೂಟಿ ಡಾಕ್ಟರ್ ಕೆಲಸ ಮಾಡಿ ಸ್ವಲ್ಪ ತುಂಬಿಕೊಳ್ಳಬಹುದು. ತಿರುಗಿಸಿ ನೋಡಿ. ಸೀಟು ನವೆಂಬರಿನಲ್ಲಿ ಸಿಕ್ಕಿತು, ಬಿಡುಗಡೆ ಫೆಬ್ರವರಿಗೆ ಇದೆ. ಕಾಲೇಜಿಗೆ ಹಾಜರಾಗಲು ಕೊಡುವುದು ಕೆಲವೇ ದಿನ. ಬಿಡುಗಡೆ ಆದೇಶ ಇಲ್ಲದೆ ಸೇರಲಾಗದು, ಸೀಟೇ ಹೋಗುತ್ತದೆ. ಕೂಡಿಟ್ಟ ರಜೆ ಹಾಕಿ ಬಂದು ಸೇರುತ್ತೇನೆ ಅಂದುಕೊಂಡರೆ ಅದೂ ನಡೆಯದು. ರಜೆಯ ಮೇಲಿದ್ದರೂ ನೀವು ಸೇವೆಯಲ್ಲಿರುವ ಅಧಿಕಾರಿಯೇ. ಪಿಜಿಗೆ ಸೇರುವ ದಿನ ನಿಮ್ಮ ಎಸ್‌ಓಎಸ್ ದಿನಾಂಕದ (ಸೇನೆಯ ಪಟ್ಟಿಯಿಂದ ಹೆಸರು ಇಳಿಯುವ ದಿನದ) ನಂತರವೇ ಇರಬೇಕು. ಆದ್ದರಿಂದ ಯಾವ ವರ್ಷದ ನೀಟ್ ಬರೆಯಬೇಕು ಎಂಬುದನ್ನು ಬಿಡುಗಡೆ ದಿನ ಹಿಡಿದು ಹಿಂದಕ್ಕೆ ಎಣಿಸಿ ತೀರ್ಮಾನಿಸಿ. ಅನುಮಾನವಿದ್ದರೆ ಸಂಬಳವಿಲ್ಲದ ಆರು ತಿಂಗಳನ್ನೇ ಒಪ್ಪಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಕಳೆದುಕೊಂಡ ಸೀಟಿನ ಬೆಲೆ ಆರು ತಿಂಗಳ ಸಂಬಳಕ್ಕಿಂತ ಬಹಳ ದೊಡ್ಡದು.

ಸೇವೆಯಲ್ಲಿರುವಾಗ ಪರೀಕ್ಷೆಗೆ ಅರ್ಜಿ ಹಾಕುವ ಮುನ್ನ ಮೇಲಿನವರ ಅನುಮತಿ ಪತ್ರ ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಕೊಟ್ಟ ಸಿಓ (ಘಟಕದ ಮುಖ್ಯಾಧಿಕಾರಿ) ವರ್ಗವಾಗಿ ಹೋದ ಮೇಲೆ ಅದಕ್ಕೆ ಬೆಲೆ ಇರುವುದಿಲ್ಲ.

ಇನ್ನೊಂದು ಗುಟ್ಟಾಗಿ ಕಚ್ಚುವ ವಿಷಯ ಮಾಜಿ ಸೈನಿಕ ಎಂಬ ಸ್ಥಾನ. ಒಪ್ಪಂದದ ಅವಧಿ ಮುಗಿಸಿ, ಗ್ರಾಚುಯಿಟಿ ಪಡೆದು ಬಿಡುಗಡೆಯಾದವರು ಮಾಜಿ ಸೈನಿಕರ ವ್ಯಾಖ್ಯೆಯೊಳಗೆ ಬರುತ್ತಾರೆ. ಅವಧಿಗೆ ಮೊದಲೇ ಸ್ವಂತ ಕೋರಿಕೆಯ ಮೇಲೆ ಬಿಟ್ಟು ಬಂದವರು ಬರುವುದಿಲ್ಲ. ಐದು ವರ್ಷವಾಗಿ, ವಿಸ್ತರಣೆಗೆ ಸಹಿ ಹಾಕಿ, ಆರನೇ ವರ್ಷದಲ್ಲಿ ಸೀಟು ಸಿಕ್ಕಿತೆಂದು ಓಡಿ ಬಂದರೆ ಈ ಸ್ಥಾನ ಕೈತಪ್ಪಬಹುದು. ವಿಸ್ತರಣೆಗೆ ಸಹಿ ಹಾಕುವ ಹೊತ್ತಿನಲ್ಲಿ ಪಿಜಿಯ ಯೋಚನೆ ತಲೆಯಲ್ಲಿದ್ದರೆ ಸಹಿ ಹಾಕಬೇಡಿ. ಬಿಡುಗಡೆಯಾದ ಶಾರ್ಟ್ ಸರ್ವಿಸ್ ಅಧಿಕಾರಿಗಳಿಗೆ ಸೇನೆಯ ಪಿಜಿ ಸಂಸ್ಥೆಗಳಲ್ಲಿ ಪ್ರತ್ಯೇಕ ಆದ್ಯತೆಯ ವರ್ಗವೂ ಇದೆ. ನಮ್ಮ ಹಳೆ ಏರ್‌ಪೋರ್ಟ್ ರಸ್ತೆಯ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆ ಅಂಥ ಸಂಸ್ಥೆಗಳಲ್ಲಿ ಒಂದು. ಆ ವರ್ಗದಲ್ಲಿ ಅರ್ಜಿ ಹಾಕಲೂ ಸರಿಯಾದ ಬಿಡುಗಡೆ ಪತ್ರ ಬೇಕು.

ಕೈಗೆ ಬರುವ ದುಡ್ಡು, ಬರುವ ಹೊತ್ತು

ಶಾರ್ಟ್ ಸರ್ವಿಸಿಗೆ ಪಿಂಚಣಿ ಇಲ್ಲ. ಸಿಗುವುದು ಗ್ರಾಚುಯಿಟಿ. ಪೂರ್ಣಗೊಂಡ ಪ್ರತಿ ಆರು ತಿಂಗಳ ಸೇವೆಗೆ ಅರ್ಧ ತಿಂಗಳ ವೇತನ. ಐದು ವರ್ಷಕ್ಕೆ ಐದು ತಿಂಗಳ ವೇತನ ಅಂತಾಯಿತು. ಮೇಲಿನ 1,33,590ನ್ನೇ ಹಿಡಿದರೆ 6.68 ಲಕ್ಷದ ಹತ್ತಿರ. ಇಂಕ್ರಿಮೆಂಟು ಸೇರಿದರೆ ಇನ್ನಷ್ಟು. ಇದರ ಜೊತೆ ಡಿಎಸ್‌ಓಪಿ ಭವಿಷ್ಯನಿಧಿ, ಉಳಿದ ರಜೆಯ ನಗದು, ಗುಂಪು ವಿಮೆಯ ಉಳಿತಾಯದ ಭಾಗ. ಡಿಎಸ್‌ಓಪಿಗೆ ಕನಿಷ್ಠ ಶೇಕಡಾ 6 ಮಾತ್ರ ಕಟ್ಟಿದವರಿಗೂ, ಮೊದಲ ವರ್ಷದಿಂದಲೇ ತಿಂಗಳಿಗೆ 30,000 ಕಟ್ಟಿದವರಿಗೂ ಐದನೇ ವರ್ಷದಲ್ಲಿ ಆಗುವ ವ್ಯತ್ಯಾಸ ಒಂದು ಸರ್ಕಾರಿ ಸೀಟಿನ ಮೂರು ವರ್ಷದ ಬದುಕಿನಷ್ಟು. 30,000 ರೂಪಾಯಿಯಂತೆ ಅರುವತ್ತು ತಿಂಗಳಿಗೆ ಅಸಲೇ 18 ಲಕ್ಷ. ಈಗಷ್ಟೇ ಕಮಿಷನ್ ಪಡೆದವರು ಇದನ್ನು ಓದುತ್ತಿದ್ದರೆ ನಾಳೆಯೇ ಆ ಅರ್ಜಿ ಬರೆಯಿರಿ.

ಭೂಸೇನೆಯವರ ಲೆಕ್ಕ ಚುಕ್ತಾ ಆಗುವುದು ಪುಣೆಯ ಪಿಸಿಡಿಎ ಕಚೇರಿಯಲ್ಲಿ, ವಾಯುಸೇನೆಯವರದ್ದು ದೆಹಲಿಯ ಎಎಫ್‌ಸಿಎಓದಲ್ಲಿ. ತಡವಾಗುವುದಕ್ಕೆ ಕಾರಣ ಸಾಮಾನ್ಯವಾಗಿ ಸಣ್ಣದೇ. ಹಳೆಯ ಸ್ಟೇಷನ್ನಿನ ಕ್ವಾರ್ಟರ್ಸ್ ಬಾಡಿಗೆ ಬಾಕಿ, ಪೀಠೋಪಕರಣದ ಲೆಕ್ಕ, ಬಿಲ್ ಕೊಡದ ಎಲ್‌ಟಿಸಿ (ರಜಾ ಪ್ರಯಾಣದ) ಅಡ್ವಾನ್ಸು, ವರ್ಗಾವಣೆ ಪ್ರಯಾಣದ ಮುಂಗಡ. ಒಂದು ನೋ ಡಿಮ್ಯಾಂಡ್ ಸರ್ಟಿಫಿಕೇಟು ಬರದಿದ್ದರೆ ಪೂರ್ತಿ ಫೈಲು ಅಲ್ಲೇ ಕೂರುತ್ತದೆ. ಬಿಡುಗಡೆಗೆ ಆರು ತಿಂಗಳಿರುವಾಗಲೇ ಹಿಂದಿನ ಎಲ್ಲ ಸ್ಟೇಷನ್ನುಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಪತ್ರ ಬರೆದು, ಬಾಕಿ ಇದ್ದರೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಗ್ರಾಚುಯಿಟಿ ಕಾಲೇಜಿನ ಫೀಸಿನ ದಿನಕ್ಕೆ ಸರಿಯಾಗಿ ಬರುತ್ತದೆ ಎಂದು ನಂಬಿ ಯಾರಿಗೂ ಚೆಕ್ ಕೊಡಬೇಡಿ.

ಈ ದುಡ್ಡು ಬಂದ ಮೇಲೆ ಎಲ್ಲಿ ಹೋಗಬೇಕು? ನಾನು ಗಟ್ಟಿಯಾಗಿ ಹೇಳುವುದು ಇದು: ತಿಂಗಳ ಕೊರತೆಗೆ. ಫೀಸಿಗೆ ಬ್ಯಾಂಕು ಶೈಕ್ಷಣಿಕ ಸಾಲ ಕೊಡುತ್ತದೆ, ಹಾಸ್ಟೆಲು, ಪುಸ್ತಕಕ್ಕೂ ಕೊಡುತ್ತದೆ, ಕೋರ್ಸು ಮುಗಿದು ಒಂದು ವರ್ಷದ ತನಕ ಕಾಯುತ್ತದೆ. ನಿಮ್ಮ ಸಂಸಾರದ ಬಾಡಿಗೆಗೆ, ಮಗುವಿನ ಶಾಲೆಗೆ ಆ ದರದಲ್ಲಿ ಯಾರೂ ಸಾಲ ಕೊಡುವುದಿಲ್ಲ. ಆಗ ಉಳಿಯುವುದು ಪರ್ಸನಲ್ ಲೋನು. ಅದರ ಕಂತು ಮುಂದಿನ ತಿಂಗಳಿಂದಲೇ ಶುರು, ಬಡ್ಡಿಯೂ ಹೆಚ್ಚು.

ಸಾಲದ ಲೆಕ್ಕವನ್ನು ಒಂದು ಸಲ ಪೂರ್ತಿ ಮಾಡಿ ನೋಡೋಣ. ವರ್ಷಕ್ಕೆ 8 ಲಕ್ಷ ಫೀಸಿನ ಸೀಟು, ಶೇಕಡಾ 10 ಬಡ್ಡಿ. ಬ್ಯಾಂಕು ಮೂರು ವರ್ಷವೂ ವರ್ಷದ ಆರಂಭದಲ್ಲಿ 8 ಲಕ್ಷ ಬಿಡುಗಡೆ ಮಾಡುತ್ತದೆ. ಕಂತು ಶುರುವಾಗುವುದು ನಾಲ್ಕನೇ ವರ್ಷದ ಕೊನೆಗೆ. ಅಲ್ಲಿಯ ತನಕದ ಸರಳ ಬಡ್ಡಿ ಮೊದಲ ವರ್ಷದ 8 ಲಕ್ಷದ ಮೇಲೆ 3.2 ಲಕ್ಷ, ಎರಡನೇ ವರ್ಷದ್ದಕ್ಕೆ 2.4, ಮೂರನೇ ವರ್ಷದ್ದಕ್ಕೆ 1.6. ಒಟ್ಟು 7.2 ಲಕ್ಷ. 24 ಲಕ್ಷದ ಸಾಲ 31.2 ಲಕ್ಷವಾಗಿ ನಿಲ್ಲುತ್ತದೆ. ಹತ್ತು ವರ್ಷದ ಕಂತು ಹಾಕಿದರೆ ತಿಂಗಳಿಗೆ ಸುಮಾರು 41,000. ಎಂಡಿ ಮುಗಿಸಿದ ಡಾಕ್ಟರಿಗೆ ಇದು ಹೊರಲಾಗದ ಭಾರವಲ್ಲ. ಇದೇ ಸೀಟಿಗೆ ವರ್ಷಕ್ಕೆ 25 ಲಕ್ಷ ಆಗಿದ್ದರೆ ಇಡೀ ಲೆಕ್ಕ ಮೂರು ಪಟ್ಟು ಮೀರುತ್ತದೆ. ಅಂಥ ಸೀಟಿಗೆ ಸಾಲ ಮಾಡಿ ಸೇರುವುದಕ್ಕಿಂತ ಡಿಎನ್‌ಬಿ (ಆಸ್ಪತ್ರೆಗಳಲ್ಲಿ ಮಾಡುವ, ಎಂಡಿ, ಎಂಎಸ್‌ಗೆ ಸಮನಾದ ಪಿಜಿ) ನೋಡಿ ಎನ್ನುತ್ತೇನೆ.

ಬ್ಯಾಂಕಿನಲ್ಲಿ ಎಡವುವುದು ಆದಾಯದ ಜಾಗದಲ್ಲಿ. ಅರ್ಜಿ ಹಾಕುವ ಹೊತ್ತಿಗೆ ನಿಮ್ಮ ಸಂಬಳ ನಿಂತಿರುತ್ತದೆ, ಆದರೆ ಕಳೆದ ವರ್ಷದ ಆದಾಯ ತೆರಿಗೆ ರಿಟರ್ನು ದೊಡ್ಡ ಮೊತ್ತ ತೋರಿಸುತ್ತದೆ. ಕೇಂದ್ರದ ಶೈಕ್ಷಣಿಕ ಸಾಲ ಯೋಜನೆಯಾದ ಪಿಎಂ ವಿದ್ಯಾಲಕ್ಷ್ಮಿಯ ಶೇಕಡಾ 3ರ ಬಡ್ಡಿ ರಿಯಾಯಿತಿಗೆ ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, 10 ಲಕ್ಷದ ತನಕದ ಸಾಲಕ್ಕೆ ಮಾತ್ರ. ಸೇನೆಯ ಸಂಬಳ ಅದನ್ನು ದಾಟಿಬಿಡುತ್ತದೆ. ಜೊತೆ ಸಾಲಗಾರರಾಗಿ ತಂದೆ, ತಾಯಿ ಅಥವಾ ಸಂಗಾತಿಯ ದಾಖಲೆ ಮೊದಲೇ ಸಿದ್ಧವಿಡಿ. ಸೇವೆಯಲ್ಲಿರುವಾಗಲೇ ಡಿಫೆನ್ಸ್ ಸ್ಯಾಲರಿ ಪ್ಯಾಕೇಜಿನ ಅಗ್ಗದ ಪರ್ಸನಲ್ ಲೋನ್ ಎತ್ತಿಟ್ಟುಕೊಳ್ಳುವ ಆಸೆಯೂ ಹುಟ್ಟುತ್ತದೆ. ಬೇಡ. ಸಂಬಳ ನಿಂತ ತಿಂಗಳೂ ಆ ಕಂತು ನಿಲ್ಲುವುದಿಲ್ಲ. ಆ ಖಾತೆಯ ಜೊತೆ ಬಂದ ಅಪಘಾತ ವಿಮೆಯೂ ಸಂಬಳ ನಿಂತ ಮೇಲೆ ಉಳಿಯುವುದಿಲ್ಲ. ಮಿಲಿಟರಿ ಆಸ್ಪತ್ರೆ ಇದ್ದದ್ದರಿಂದ ಆರೋಗ್ಯ ವಿಮೆ ಮಾಡಿಸದವರೇ ಹೆಚ್ಚು. ಪಾಲಿಸಿಯ ಕಾಯುವ ಅವಧಿ ಮುಗಿಯಬೇಕಾದರೆ ಬಿಡುಗಡೆಗೆ ಬಹಳ ಮೊದಲೇ ಅದು ಶುರುವಾಗಿರಬೇಕು.

ಆದಾಯದ ಇದೇ ಮಾತು ಮೀಸಲಾತಿಯಲ್ಲೂ ಬರುತ್ತದೆ. ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ) ಪ್ರಮಾಣಪತ್ರಕ್ಕೆ ನಿಮ್ಮ ಸ್ವಂತ ಸಂಬಳವೂ ಸೇರುತ್ತದೆ. ಹಿಂದಿನ ಹಣಕಾಸು ವರ್ಷ ಕ್ಯಾಪ್ಟನ್ ಸಂಬಳ ಪಡೆದವರಿಗೆ 8 ಲಕ್ಷದ ಮಿತಿ ದಾಟಿಯೇ ಇರುತ್ತದೆ. ಕೇಂದ್ರದ ಓಬಿಸಿ ಪಟ್ಟಿಯಲ್ಲಿ ಹಾಗಲ್ಲ. ಕೆನೆಪದರ ನಿರ್ಧಾರವಾಗುವುದು ತಂದೆ ತಾಯಿಯ ಸ್ಥಾನದಿಂದ, ಅಭ್ಯರ್ಥಿಯ ಸಂಬಳದಿಂದಲ್ಲ. ಇದು ತಿಳಿಯದೆ ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿ ಸೀಟು ಕಳೆದುಕೊಂಡರೆ ಅದನ್ನು ತಿರುಗಿ ಪಡೆಯಲಾಗದು.

ಮಲ್ಲೇಶ್ವರಕ್ಕೆ ಹೋಗುವ ಮೊದಲು

ರಾಜ್ಯದ ಸೀಟುಗಳು ಮಲ್ಲೇಶ್ವರದಲ್ಲಿರುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ, ಸರ್ಕಾರಿ ಕಾಲೇಜುಗಳ ಅರ್ಧ ಸೀಟು (ಅಖಿಲ ಭಾರತ ಕೋಟಾ) ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಎಲ್ಲ ಸೀಟು ದೆಹಲಿಯ ಎಂಸಿಸಿ (ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಮೂಲಕ. ಎಂಸಿಸಿಯಲ್ಲಿ ಡೀಮ್ಡ್ ಸೀಟಿಗೆ ಭದ್ರತಾ ಠೇವಣಿಯೇ 2 ಲಕ್ಷ, ಅಖಿಲ ಭಾರತ ಕೋಟಾಕ್ಕೆ ಸಾಮಾನ್ಯ ವರ್ಗದವರಿಗೆ 25,000. ಮೊದಲ ಸುತ್ತಿನಲ್ಲಿ ಸೀಟು ಬೇಡವೆಂದರೆ ನಷ್ಟವಿಲ್ಲ, ಎರಡನೇ ಸುತ್ತಿನಿಂದ ಠೇವಣಿ ಹೋಗುತ್ತದೆ. ಕೊನೆಯ ಸ್ಟ್ರೇ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೆ ಮುಂದಿನ ಸಲದ ಪರೀಕ್ಷೆಗೂ ಕೂರುವಂತಿಲ್ಲ. ಬಿಡುಗಡೆ ದಿನ ಖಚಿತವಿಲ್ಲದ ಅಧಿಕಾರಿ ಸ್ಟ್ರೇ ಸುತ್ತಿಗೆ ಕೈ ಹಾಕಲೇಬಾರದು.

ಪಿಜಿಯಲ್ಲಿ ವಾಸಸ್ಥಳದ ಮೀಸಲಾತಿ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 2025ರ ಜನವರಿ 29ರಂದು ತೀರ್ಪು ಕೊಟ್ಟಿದೆ. ಪುಣೆಯಲ್ಲಿ ಎಂಬಿಬಿಎಸ್ ಓದಿ, ದೇಶವೆಲ್ಲ ಸುತ್ತಿ ಬಂದ ಕನ್ನಡದವರಿಗೂ, ಹೊರಗಿನಿಂದ ಇಲ್ಲಿಗೆ ಬರುವವರಿಗೂ ಇದು ದೊಡ್ಡ ಬದಲಾವಣೆ. ಅದೇ ಸಂಸ್ಥೆಯಲ್ಲಿ ಎಂಬಿಬಿಎಸ್ ಓದಿದವರಿಗೆ ಕೊಡುವ ಆದ್ಯತೆ ಮಾತ್ರ ಮಿತಿಯೊಳಗೆ ಉಳಿಯುತ್ತದೆ. ಆಯಾ ವರ್ಷದ ಕೆಇಎ ಮಾಹಿತಿ ಪುಸ್ತಕದ ಅರ್ಹತೆಯ ಪುಟವನ್ನು ಅಕ್ಷರ ಬಿಡದೆ ಓದಿ. ಕಳೆದ ವರ್ಷದ್ದು ನೋಡಿ ತೀರ್ಮಾನಕ್ಕೆ ಬರಬೇಡಿ.

ಕಾಗದಪತ್ರದಲ್ಲಿ ಹೆಚ್ಚು ಸಮಯ ತಿನ್ನುವುದು ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ. ಎಎಫ್‌ಎಂಸಿಯವರು (ಪುಣೆಯ ಸೇನಾ ವೈದ್ಯಕೀಯ ಕಾಲೇಜಿನವರು) ನಾಸಿಕದ ಎಂಯುಎಚ್‌ಎಸ್ (ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ) ಪದವಿ ಪಡೆದು ಮಹಾರಾಷ್ಟ್ರದಲ್ಲಿ ನೋಂದಾಯಿಸಿಕೊಂಡಿರುತ್ತಾರೆ. ಅಲ್ಲಿಂದ ನಿರಾಕ್ಷೇಪಣಾ ಪತ್ರ ಬರಬೇಕು, ನಂತರ ಇಲ್ಲಿ ನೋಂದಣಿ, ಅದರ ಜೊತೆಗೆ ಆರ್‌ಜಿಯುಎಚ್‌ಎಸ್ (ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ) ಅರ್ಹತಾ ಪತ್ರ, ಮೈಗ್ರೇಷನ್ ಪ್ರಮಾಣಪತ್ರ. ಹಲವು ಕಚೇರಿ, ವಾರಗಟ್ಟಲೆ ಓಡಾಟ. ಗಡಿ ಪೋಸ್ಟಿನಲ್ಲಿ ಕೂತು ಇದನ್ನು ಮಾಡಲಾಗದು. ಬಿಡುಗಡೆಗೆ ಮೊದಲಿನ ವಾರ್ಷಿಕ ರಜೆಯಲ್ಲೇ ಮುಗಿಸಿ.

ಸರ್ಕಾರಿ ಕೋಟಾದ ಸೀಟು ಪಡೆದವರು ಕಡ್ಡಾಯ ಗ್ರಾಮೀಣ ಸೇವೆಯ ಒಂದು ವರ್ಷವನ್ನೂ ಲೆಕ್ಕದಲ್ಲಿ ಇಡಬೇಕು. 2012ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು, ಖಾಲಿ ಹುದ್ದೆ ಇದ್ದಷ್ಟಕ್ಕೆ ಮಾತ್ರ ಸೇವೆ ಎಂದು ಮಾಡಿದ್ದಾರೆ. ಆ ವರ್ಷಕ್ಕೆ ಸಂಬಳ ಇರುತ್ತದೆ, ಆದರೆ ಆ ವರ್ಷ ಮುಗಿಯುವ ಹೊತ್ತಿಗೇ ಸಾಲದ ಕಂತು ಶುರುವಾಗುತ್ತದೆ.

ಖಾಸಗಿ ಕಾಲೇಜಿಗೆ ಸೇರುವ ದಿನ ಮೂರು ವರ್ಷದ ಫೀಸು ಒಟ್ಟಿಗೇ ಕೇಳಿದರೆ ಕೊಡಬೇಡಿ. 2003ರ ಇಸ್ಲಾಮಿಕ್ ಅಕಾಡೆಮಿ ಪ್ರಕರಣದಲ್ಲಿ, ಅದೂ ಕರ್ನಾಟಕದ್ದೇ ಪ್ರಕರಣ, ಒಂದು ವರ್ಷಕ್ಕಿಂತ ಹೆಚ್ಚಿನ ಫೀಸು ಮುಂಗಡ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಉಳಿದ ವರ್ಷಗಳಿಗೆ ಬಾಂಡು ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು. ಬ್ಯಾಂಕ್ ಗ್ಯಾರಂಟಿ ಅಂದರೆ ಠೇವಣಿ ಒತ್ತೆ ಇಡಬೇಕು, ಆ ಹಣ ಮೂರು ವರ್ಷ ಕೈಗೆ ಸಿಗದು. ಗ್ರಾಚುಯಿಟಿ ಅಲ್ಲಿ ಸಿಕ್ಕಿಹಾಕಿಕೊಂಡರೆ ಮತ್ತೆ ಅದೇ ತಿಂಗಳ ಕೊರತೆ. ಬಾಂಡಿಗೆ ಒಪ್ಪುತ್ತಾರಾ ಅಂತ ಮೊದಲು ಕೇಳಿ, ಬರಹದಲ್ಲಿ ಕೇಳಿ.

ಇನ್ನು ಮನೆ. ಪಿಜಿ ಹಾಸ್ಟೆಲುಗಳು ಹೆಚ್ಚಾಗಿ ಒಬ್ಬೊಬ್ಬರಿಗೆ. ಸಂಸಾರಸ್ಥರು ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸೀಟು ಸಿಕ್ಕರೆ ಚಾಮರಾಜಪೇಟೆ, ಬಸವನಗುಡಿ ಕಡೆ, ಬೌರಿಂಗ್ ಆಸ್ಪತ್ರೆ ಆದರೆ ಶಿವಾಜಿನಗರ, ಫ್ರೇಜರ್ ಟೌನ್ ಕಡೆ ಹುಡುಕುತ್ತಾರೆ. ಬೆಂಗಳೂರಿನಲ್ಲಿ ಅಡ್ವಾನ್ಸು ಇನ್ನೂ ಕೆಲವರು ಹತ್ತು ತಿಂಗಳದ್ದು ಕೇಳುತ್ತಾರೆ. 25,000 ಬಾಡಿಗೆಗೆ 2.5 ಲಕ್ಷ ಒಂದೇ ಸಲ ಹೋಗುತ್ತದೆ. ಐದು ತಿಂಗಳಿಗೆ ಒಪ್ಪುವ ಮಾಲೀಕರು ಸಿಗುವ ತನಕ ಹುಡುಕಿ. ಎಮರ್ಜೆನ್ಸಿ ಕರೆ ಬಂದಾಗ ಹತ್ತು ನಿಮಿಷದಲ್ಲಿ ವಾರ್ಡು ತಲುಪುವಷ್ಟು ದೂರದೊಳಗೆ ಹುಡುಕಿ. ದೂರದ ಅಗ್ಗದ ಮನೆಯಲ್ಲಿ ಉಳಿಸಿದ ದುಡ್ಡು ರಾತ್ರಿ ಕ್ಯಾಬಿಗೆ ಹೋಗುತ್ತದೆ.